ಅಂಗಳದ ದೋಣಿಗೆ ಗಿರಾಕಿ ಬಂದದ್ದು

ನಮ್ಮ ಅಂಗಳದಲ್ಲಿ ಒಂದು ಮೋಟಾರು ದೋಣಿ ಇತ್ತು ಅಂದರೆ ಯಾರೂ ನಂಬುವುದಿಲ್ಲ. ರೋಣದಲ್ಲಿ ದೋಣಿಯೇ ಎಂದು ನಗುತ್ತಾರೆ. ನಗಲಿ. ನಮ್ಮ ಓಣಿಗೆ ನಳದ ನೀರು ವಾರಕ್ಕೊಮ್ಮೆ ಬಂದರೆ ಅದೇ ದೊಡ್ಡದು. ಬಂದ ದಿನ ಕೊಡ, ಬಕೀಟು, ಬೋಗುಣಿ, ಕಡೆಗೆ ಚಹಾ ಸೋಸುವ ಪಾತ್ರೆಯನ್ನೂ ಬಿಡದೆ ತುಂಬಿಟ್ಟುಕೊಳ್ಳುವ ಹೆಂಗಸರು ನಾವು. ಅಂಥ ಊರಿನಲ್ಲಿ, ಹೊಳೆ ಕಣ್ಣಿಗೂ ಬೀಳದಷ್ಟು ದೂರದಲ್ಲಿ, ಬಾಗಿಲು ತೆಗೆದರೆ ಎದುರಿಗೆ ನೀಲಿ ಬಣ್ಣದ ದೋಣಿಯ ಮೂತಿ. ಹಾಲಿನವನು ಅದನ್ನು ಸುತ್ತಿಕೊಂಡು ಒಳಗೆ ಬರಬೇಕಾಗಿತ್ತು.

ದೋಣಿ ನಮ್ಮ ಮಾವನವರದು. ಅವರ ಊರು ಮೆಣಸಗಿ, ಹೊಲ ಮಲಪ್ರಭೆಯ ಆಚೆ ದಂಡೆಗೆ. ಆಗಿನ್ನೂ ಹತ್ತಿರದಲ್ಲಿ ಸೇತುವೆ ಇರಲಿಲ್ಲ. ಯಾವುದೋ ಸರಕಾರಿ ಕಚೇರಿಯವರು ತಮ್ಮ ಹಳೆಯ ದೋಣಿಯನ್ನು ಹರಾಜಿಗಿಟ್ಟಾಗ, ಬಂದವರೆಲ್ಲ ಕಟ್ಟಿಗೆಯ ಲೆಕ್ಕದಲ್ಲಿ ಕೂಗಿದರೆ ಮಾವ ಒಬ್ಬರೇ ದೋಣಿಯ ಲೆಕ್ಕದಲ್ಲಿ ಕೂಗಿ ತಂದರಂತೆ. ಸಾಗವಾನಿ ಹಲಗೆಯ ಮೈ, ಹಿಂದಕ್ಕೆ ಸಿಕ್ಕಿಸಿದ ಸೀಮೆಎಣ್ಣೆಯ ಇಂಜಿನ್ನು. ಮನೆಮಂದಿಯೆಲ್ಲ ಕೂತ ಮೇಲೂ ಒಂದು ಕರು ನಿಲ್ಲುವಷ್ಟು ಜಾಗ ಉಳಿಯುತ್ತಿತ್ತು. ಉಳ್ಳಾಗಡ್ಡಿ ಚೀಲ, ಮೆಣಸಿನಕಾಯಿ ಚೀಲ, ಕಳೆ ತೆಗೆಯುವ ಹೆಣ್ಣಾಳುಗಳು, ಅವರ ರೊಟ್ಟಿ ಗಂಟು, ಎಲ್ಲ ಅದರಲ್ಲೇ ದಾಟುತ್ತಿತ್ತು. ಮದುವೆಯಾದ ಹೊಸದರಲ್ಲಿ ಹೊಲ ತೋರಿಸಲು ನನ್ನನ್ನೂ ಕೂರಿಸಿಕೊಂಡು ಹೋದರು. ಆಚೆ ದಂಡೆ ಮುಟ್ಟುವ ಮೊದಲೇ ನಾನು ವಾಂತಿ ಮಾಡಿಕೊಂಡೆ. ಅತ್ತೆ ಅದನ್ನು ಬೇರೆಯೇ ಅರ್ಥ ಮಾಡಿಕೊಂಡು ಓಣಿಗೆಲ್ಲ ಸಕ್ಕರೆ ಹಂಚಿ ಬಂದರು. ನಿಜ ತಿಳಿದ ಮೇಲೆ ಬಹಳ ದಿನ ನನ್ನ ಜೊತೆ ಮುಖ ಕೊಟ್ಟು ಮಾತಾಡಲಿಲ್ಲ.

ಆಮೇಲೆ ಸೇತುವೆ ಬಂತು. ಹೊಳೆ ಊರೊಳಗೆ ನುಗ್ಗಿ, ಹಳೆಯ ಊರು ಬಿಟ್ಟು ಜನ ಎತ್ತರದ ಹೊಸ ಊರಿಗೆ ಬಂದರು. ದೋಣಿ ದಂಡೆಯ ಜಾಲಿಗಿಡದ ಕೆಳಗೆ ಮಗುಚಿ ಬಿದ್ದಿತ್ತು. ಅದರ ನೆರಳಿಗೆ ಆಡು ಮಲಗುತ್ತಿದ್ದವು. ಮಾವ ಮಾತ್ರ ವರ್ಷಕ್ಕೊಮ್ಮೆ ಹೋಗಿ ಅದರ ಬೆನ್ನಿಗೆ ಎಣ್ಣೆ ಸವರಿ ಬರುತ್ತಿದ್ದರು. ಯಾಕೆ ಎಂದು ಯಾರೂ ಕೇಳಲಿಲ್ಲ.

ಮಾವ ತೀರಿಕೊಂಡ ಮೇಲೆ ನನ್ನ ಗಂಡ ಮಲಗಿದರು. ಮಲಗಿದರು ಅಂದರೆ ಜ್ವರ ಅಲ್ಲ, ನೋವಲ್ಲ. ಗೋಡೆಗೆ ಮುಖ ಮಾಡಿ ಮಲಗಿದರು. ರೋಣದಲ್ಲಿ ಅವರದು ಪಂಪ್‌ಸೆಟ್ ರಿಪೇರಿ ಅಂಗಡಿ. ಬೀಗ ತೆಗೆಯಲಿಲ್ಲ. ಗಡ್ಡ ಮಾಡಿಕೊಳ್ಳಲಿಲ್ಲ. ತಟ್ಟೆ ಮುಂದಿಟ್ಟರೆ ಉಂಡರು, ಇಡದಿದ್ದರೆ ಕೇಳಲಿಲ್ಲ. ನಾನು ಬೆಳಗ್ಗೆ ಮುಶಿಗೇರಿಯ ಸಾಲೆಗೆ ಪಾಠ ಹೇಳಲು ಹೋಗುವಾಗ ನೋಡಿದ ಬೆನ್ನನ್ನೇ ಸಂಜೆ ಬಂದಾಗಲೂ ನೋಡುತ್ತಿದ್ದೆ. ದವಾಖಾನೆಗೆ ಕರೆದೊಯ್ದೆ. ಗುಳಿಗೆ ಕೊಟ್ಟರು. ಗುಳಿಗೆ ನುಂಗಿ ಮತ್ತೆ ಗೋಡೆಗೆ ತಿರುಗಿದರು. 

ಒಂದು ದಿನ ಎದ್ದು, ಮೆಣಸಗಿಗೆ ಹೋಗಿ ಬರುತ್ತೇನೆ ಅಂದರು. ಬರುವಾಗ ಟ್ರಾಕ್ಟರಿನ ಮೇಲೆ ದೋಣಿ. ನಾನು ಬಾಗಿಲಲ್ಲಿ ನಿಂತು ಕೂಗಾಡಿದ್ದು ಓಣಿಯ ತುದಿಗೂ ಕೇಳಿರಬೇಕು. ಅವರು ಕೇಳಿಸಿಕೊಂಡು, ದೋಣಿಯನ್ನು ಕಲ್ಲಿನ ಮೇಲೆ ಏರಿಸಿ, ಸಲೂನಿಗೆ ಹೋಗಿ ಗಡ್ಡ ತೆಗೆಸಿಕೊಂಡು ಬಂದರು. ಗಡ್ಡವಿಲ್ಲದ ಮುಖ ಕಂಡು ನಾನು ಬಾಯಿ ಮುಚ್ಚಿದೆ.

ಅಲ್ಲಿಂದ ಎರಡು ವರ್ಷಕ್ಕೂ ಮೇಲೆ ಆ ದೋಣಿಯ ಸೇವೆ ನಡೆಯಿತು. ಬೆಳಗ್ಗೆ ಅಂಗಡಿ, ಸಂಜೆ ದೋಣಿ. ಕೊಳೆತ ಹಲಗೆ ಕಿತ್ತು ಹೊಸದು ಕೂರಿಸಿದರು. ಸಂದುಗಳಿಗೆ ಹತ್ತಿಯ ಬತ್ತಿ ತುರುಕಿ ಮೇಲೆ ರಾಳ ಕಾಸಿ ಹೊಯ್ದರು. ಇಂಜಿನ್ನನ್ನು ಬಿಚ್ಚಿ ನನ್ನ ಹಳೆಯ ಸೀರೆಯ ಮೇಲೆ ಹರವಿದರು. ಸಿಗದ ಸಾಮಾನಿಗಾಗಿ ನರಗುಂದದ ಗುಜರಿ ಅಂಗಡಿಗೆ ಎಷ್ಟು ಸಲ ಹೋದರೋ. ಏನು ತಂದಿರಿ ಎಂದರೆ ಬೆರಳಿನಷ್ಟು ಕಬ್ಬಿಣದ ತುಂಡು ತೋರಿಸಿ ಮಗು ಹುಟ್ಟಿದಷ್ಟು ಖುಷಿಪಡುತ್ತಿದ್ದರು.

ಜಗಳವಾದದ್ದು ನೀರಿಗೆ. ಕಟ್ಟಿಗೆಯ ದೋಣಿ ಒಣಗಿದರೆ ಹಲಗೆಗಳು ಸಂದು ಬಿಡುತ್ತವಂತೆ. ಅದಕ್ಕೆ ಬೇಸಿಗೆಯಲ್ಲಿ ಅದರ ಮೈಮೇಲೆ ಗೋಣಿಚೀಲ ಹೊದಿಸಿ, ಚೀಲವನ್ನು ಸದಾ ಹಸಿಯಾಗಿಡಬೇಕು. ಕುಡಿಯಲು ಕೊಡ ಎಣಿಸುವ ಮನೆಯಲ್ಲಿ ದೋಣಿಗೆ ದಿನಾ ಬಕೀಟು ನೀರು.

"ನಿಮ್ಮ ದೋಣಿ ಹೊಳಿಯಾಗ ಇದ್ದಾಗೂ ಇಷ್ಟು ನೀರು ಕುಡಿದಿರಲಿಕ್ಕಿಲ್ಲ," ಎಂದು ನಾನು ಹೇಳಿದ್ದೆ.

"ನಿನಗ ನೀರು ಬೇಕೋ, ನಾ ಬೇಕೋ," ಎಂದು ಅವರು ಕೇಳಿದ್ದು ಚೇಷ್ಟೆಗೆ. ನನಗೆ ಚೇಷ್ಟೆ ಅನಿಸಲಿಲ್ಲ. ಮರುದಿನದಿಂದ ಅರಿವೆ ಒಗೆದ ಹಿಂಡುನೀರನ್ನು ಚೆಲ್ಲದೆ ನಾನೇ ಚೀಲದ ಮೇಲೆ ಸುರಿಯತೊಡಗಿದೆ. ಸುರಿಯುವಾಗ ಬೈಯುತ್ತಲೇ ಸುರಿದೆ.

ಬಣ್ಣ ಹಚ್ಚಿ ಮುಗಿದ ದಿನ ಓಣಿಯವರೆಲ್ಲ ಬಂದು ನೋಡಿದರು. ಪೇಂಟಿನ ಡಬ್ಬಿ ಖಾಲಿಯಾದ ಮೇಲೂ ನನ್ನ ಗಂಡ ಸುಮ್ಮನಿರಲಿಲ್ಲ. ತಿಕ್ಕಿದ ಜಾಗವನ್ನೇ ಮತ್ತೆ ತಿಕ್ಕಿದರು, ಬಿಗಿದ ಬೋಲ್ಟನ್ನೇ ಸಡಿಲಿಸಿ ಬಿಗಿದರು. ಒಮ್ಮೆಯೂ ಹೊಳೆಗೆ ಒಯ್ಯುವ ಮಾತು ಎತ್ತಲಿಲ್ಲ. ಮುಗಿದ ಕೆಲಸಕ್ಕೆ ಹೆದರುತ್ತಿದ್ದಾರೇನೋ ಎಂದು ನನಗೆ ಅನುಮಾನ ಹತ್ತಿತು.

ಅದೇ ಹೊತ್ತಿಗೆ ನಮ್ಮ ಮಗಳು ರಕ್ತ ತಪಾಸಣೆಯ ಕೋರ್ಸು ಮುಗಿಸಿ ಬಂದಳು. ಸಣ್ಣದೊಂದು ಲ್ಯಾಬ್ ತೆಗೆಯಬೇಕೆಂದು ಅವಳ ಆಸೆ. ಊರಲ್ಲಿ ಬಾಡಿಗೆ ಮಳಿಗೆ ನೋಡಿದಳು. ಒಂದು ಮೆಟ್ಟಿಲು ಹತ್ತಿ ಹೋಗುವಂಥದು, ಇನ್ನೊಂದು ಗಟಾರದ ಬಾಯಿಗೆ. ಮುದುಕರು, ಬಸುರಿಯರು ಬರುವ ಜಾಗ ಹಾಗಿದ್ದರೆ ಹೇಗೆ? ನಮ್ಮ ಅಂಗಳ ರಸ್ತೆಗೆ ಹತ್ತಿದೆ, ದವಾಖಾನೆಗೂ ಸಮೀಪ. ಅವಳು ಬಾಯಿಬಿಟ್ಟು ಕೇಳಲಿಲ್ಲ. ದೋಣಿಯನ್ನು ಸುತ್ತಿಕೊಂಡು ಒಳಗೆ ಬರುವಾಗ ಮಾತ್ರ ಒಮ್ಮೊಮ್ಮೆ ನಿಂತು ಅತ್ತಿಂದಿತ್ತ ಕಣ್ಣಾಡಿಸುತ್ತಿದ್ದಳು. ನಾನು ನೋಡಿದೆ. ಅವರೂ ನೋಡಿರಬೇಕು.

ಒಂದು ಮಧ್ಯಾಹ್ನ ಊಟಕ್ಕೆ ಕೂತಾಗ, ರೊಟ್ಟಿ ಮುರಿಯುತ್ತ ಹೇಳಿಬಿಟ್ಟರು.

"ದೋಣಿ ಮಾರೂಣು. ಅಕಿಗೆ ಜಾಗಾ ಆಕ್ಕೈತಿ."

ಮಗಳು ನನ್ನ ಮುಖ ನೋಡಿದಳು. "ಬ್ಯಾಡ ಬಿಡಪ್ಪಾ, ನಾ ಬ್ಯಾರೆ ಕಡೆ ನೋಡ್ತೀನಿ," ಅಂದಳು.

"ಬ್ಯಾರೆ ಕಡೆ ಯಾಕ? ಮನಿ ಇರೂದು ಮಂದಿಗೋ, ಕಟ್ಟಿಗಿಗೋ," ಎಂದು ಮಜ್ಜಿಗೆ ಕುಡಿದು ಎದ್ದರು.

ನಾನು ತಟ್ಟೆಯ ಮುಂದೆ ಕೂತೇ ಇದ್ದೆ. ಆ ದೋಣಿ ಅಂಗಳದಿಂದ ಹೋಗಲಿ ಎಂದು ಎರಡು ವರ್ಷ ಜಪ ಮಾಡಿದವಳು ನಾನು. ಈಗ ಹೋಗುತ್ತದೆ ಅಂದಾಗ ಮುರಿದ ರೊಟ್ಟಿಯನ್ನು ತಟ್ಟೆಗೇ ಹಾಕಿದೆ. ದೋಣಿ ಹೋದರೆ ಮಗಳ ಬದುಕಿಗೆ ಒಂದು ಬಾಗಿಲು ತೆರೆಯುತ್ತದೆ. ದೋಣಿ ಹೋದರೆ ಇವರು ಮತ್ತೆ ಗೋಡೆಗೆ ತಿರುಗುತ್ತಾರೋ ಏನೋ. ಎರಡೂ ನನ್ನ ಮನೆಯ ಮಾತೇ. ಯಾವುದರ ಕಡೆ ನಿಲ್ಲಬೇಕೆಂದು ನನಗೆ ತಿಳಿಯಲಿಲ್ಲ, ಕೇಳೋಣವೆಂದರೆ ಯಾರನ್ನು ಕೇಳುವುದು?

ಮಗಳು ದೋಣಿಯ ಫೋಟೋ ತೆಗೆದು ಮೊಬೈಲಿನಲ್ಲಿ ಹಾಕಿದಳು. ಮೊದಲು ಬಂದ ಗಿರಾಕಿ ಗಜೇಂದ್ರಗಡದ ಹೊರಗೆ ಢಾಬಾ ಇಟ್ಟವನು. ಗುಡ್ಡ, ಕರೆಂಟು ಮಾಡುವ ಗಾಳಿಯ ಫ್ಯಾನು ನೋಡಲು ಮಂದಿ ಬರುತ್ತಾರಲ್ಲ, ಅವರು ಕೂತು ಫೋಟೋ ತೆಗೆಸಿಕೊಳ್ಳಲು ಬೇಕಂತೆ. ದೋಣಿಯೊಳಗೆ ಎರಡು ಟೇಬಲ್ ಹಾಕುತ್ತೇನೆ ಅಂದ.

"ಇಂಜಿನ್ ಬ್ಯಾಡ್ರಿ ನನಗ, ಅದನ್ನ ನೀವ ಇಟ್ಕೋರಿ. ತಳಕ್ಕ ಸಿಮೆಂಟ್ ಹಾಕಿ ಕೂಡಿಸಿಬಿಡ್ತೀನಿ."

ನನ್ನ ಗಂಡ ಅವನಿಗೆ ಚಹಾ ಕುಡಿಸಿ, ಬಹಳ ಮರ್ಯಾದೆಯಿಂದ ಬಾಗಿಲ ತನಕ ಕಳಿಸಿ ಬಂದು, ದೋಣಿಗೆ ಅವನು ಕೈಯಿಟ್ಟ ಜಾಗವನ್ನು ಅರಿವೆಯಿಂದ ಒರೆಸಿದರು. ಅವರಿಗೆ ಮಾರುವ ಮನಸ್ಸಿಲ್ಲ ಎಂದು ನಾನು ಅಂದುಕೊಂಡೆ. ಅಂದುಕೊಂಡ ಸಮಾಧಾನ ವಾರವೂ ಉಳಿಯಲಿಲ್ಲ. ಹಿನ್ನೀರಿನ ಕಡೆಯಿಂದ ಒಬ್ಬ ಹಿರಿಯರು ಫೋನು ಮಾಡಿದರು. ಡ್ಯಾಮಿನ ನೀರು ನಿಂತು ಅವರ ಹೊಲ ನಡುಗಡ್ಡೆಯಾಗಿದೆಯಂತೆ. ಮನೆಮಂದಿ, ದನಕರು ಎಲ್ಲ ದಿನಾ ದಾಟಬೇಕಂತೆ. ನನ್ನ ಗಂಡ ಫೋನು ಹಿಡಿದು ಅಂಗಳದಲ್ಲಿ ಓಡಾಡುತ್ತ ಅವರ ಜೊತೆ ತಾಸುಗಟ್ಟಲೆ ಮಾತಾಡಿದರು. ಬೆಲೆಯ ಮಾತು ಎರಡೇ ನಿಮಿಷ, ಉಳಿದದ್ದೆಲ್ಲ ಹಲಗೆ, ಎಣ್ಣೆ, ಗಾಳಿ. ಆ ಹಿರಿಯರು ಒಂದೇ ಷರತ್ತು ಹಾಕಿದರು. ನೀರಿಗೆ ಇಳಿಸಿ ತೋರಿಸಬೇಕು. ಎತ್ತು ಕೊಳ್ಳುವಾಗ ಗಳೆ ಹೂಡಿ ನೋಡುವುದಿಲ್ಲವೇ, ಹಾಗೆ.

ಹೊಳೆಯಲ್ಲಿ ಆಗ ಡ್ಯಾಮಿನಿಂದ ಬಿಟ್ಟ ನೀರಿತ್ತು. ಬರುವ ರವಿವಾರ ಮೆಣಸಗಿಯ ದಂಡೆಗೆ ಎಂದು ನಿಗದಿಯಾಯಿತು. ಅದಕ್ಕೆ ಮೊದಲು ಒಂದು ದಿನ ನಾನು ಸಾಲೆ ಬಿಟ್ಟವಳೇ ಬಸ್ಸು ಹತ್ತಿ ಇಟಗಿಗೆ ಹೋದೆ. ಭೀಮಾಂಬಿಕೆಯ ಮುಂದೆ ಕಾಯಿ ಹಿಡಿದು ನಿಂತೆ. ದೋಣಿ ಸುರಳೀತ ತೇಲಲಿ ಎಂದು ಬೇಡಿಕೊಂಡರೆ ದೋಣಿ ಹೋಗುತ್ತದೆ. ಮುಳುಗಲಿ ಎಂದು ಬೇಡಿಕೊಂಡರೆ ಇವರ ಎರಡು ವರ್ಷ ಮುಳುಗುತ್ತದೆ, ಮಂದಿಯ ಎದುರು. ಹಿಂದೆ ನಿಂತವರು ತಳ್ಳಿದರು. ಏನೂ ಬೇಡಿಕೊಳ್ಳದೆ ಕಾಯಿ ಒಡೆಸಿಕೊಂಡು ಬಂದೆ. ಇಂಥ ದಡ್ಡ ಭಕ್ತೆಯನ್ನು ಆಯಿ ಮೊದಲ ಸಲ ಕಂಡಿರಬೇಕು.

ರವಿವಾರ ದೋಣಿಯನ್ನು ಬಾಡಿಗೆ ಟ್ರಾಕ್ಟರಿನಲ್ಲಿ ದಂಡೆಗೆ ಒಯ್ದೆವು. ಅತ್ತೆಯೂ ಬಂದರು. ಅವರು ಮೆಣಸಗಿಯ ಹೊಸ ಊರಿನಲ್ಲಿ ನಮ್ಮ ಮೈದುನನ ಮನೆಯಲ್ಲಿ ಇರುತ್ತಾರೆ. ವಯಸ್ಸಾದರೂ ಕಣ್ಣು ಕಿವಿ ಚುರುಕು, ಮಾತು ಇನ್ನೂ ಚುರುಕು. ದೋಣಿಯ ಮೂತಿಗೆ ಅರಿಷಿಣ ಕುಂಕುಮ ಹಚ್ಚಿ, ಹೋಳಿಗೆಯ ತುಂಡೊಂದನ್ನು ಅದರ ಮುಂದಿಟ್ಟು, "ನಡಿ," ಅಂದರು. ಗಿರಾಕಿ ಹಿರಿಯರು ಟ್ರಾಕ್ಟರ್ ಮಾಡಿಕೊಂಡೇ ಬಂದಿದ್ದರು. ತಲೆಗೆ ದೊಡ್ಡ ಬಿಳಿ ಪಟಕ, ಕಚ್ಚೆ ಧೋತರ. ದೋಣಿಯನ್ನು ಮುಟ್ಟಿ ಮುಟ್ಟಿ ನೋಡುವ ರೀತಿ ನನಗೆ ಹಿಡಿಸಿತು. ಹಿಡಿಸಬಾರದಿತ್ತು ಅನಿಸಿತು.

ದೋಣಿ ನೀರಿಗಿಳಿಯಿತು. ಇಳಿದದ್ದೇ ತಳದ ಸಂದುಗಳಿಂದ ನೀರು ಜಿನುಗತೊಡಗಿತು. ನೋಡುನೋಡುತ್ತ ಪಾದ ಮುಳುಗುವಷ್ಟಾಯಿತು. ಹಿರಿಯರು ಮೀಸೆಯ ಮೇಲೆ ಕೈಯಿಟ್ಟರು.  ಸೋರುತ್ತದೆ, ಇನ್ನು ಕೊಳ್ಳುವುದಿಲ್ಲ, ಮನೆಗೆ ವಾಪಸು ಬರುತ್ತದೆ ಎಂದು ನನಗೆ ಖುಷಿಯಾಯಿತು. ಮರುಗಳಿಗೆ ಇವರ ಮುಖ ನೋಡಿ, ಖುಷಿಪಟ್ಟ ನನ್ನ ಮೇಲೆ ನನಗೇ ಸಿಟ್ಟು ಬಂತು.

ಇವರೋ ಪಾಪ ಶಾಂತವಾಗಿದ್ದರು. "ಹಲಗಿ ನೀರು ಕುಡೀಬೇಕ್ರಿ. ಕುಡಿದು ಉಬ್ಬಿದ ಮ್ಯಾಲೆ ಸಂದು ತಾನ ಮುಚ್ಚತಾವ. ಅಲ್ಲೀತನಕ ಉಂಡು ಬಿಡೂಣು," ಅಂದರು.

ಜಾಲಿಯ ನೆರಳಿಗೆ ಕೂತು ಬುತ್ತಿ ಬಿಚ್ಚಿದೆವು. ಕಟಿ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ, ಮೊಸರು. ಯಾರೂ ರುಚಿ ನೋಡಲಿಲ್ಲ, ಎಲ್ಲರ ಕಣ್ಣು ದೋಣಿಯ ಮೇಲೆ. ಇವರು ನಡುನಡುವೆ ಎದ್ದು ಹೋಗಿ ನೀರು ಗೋರಿ ಚೆಲ್ಲಿ ಬರುತ್ತಿದ್ದರು. ಮಧ್ಯಾಹ್ನ ಇಳಿಯುವ ಹೊತ್ತಿಗೆ ಗೋರಲು ನೀರಿರಲಿಲ್ಲ. ಹಿರಿಯರು ಒಳಗೆ ಇಳಿದು ತಳದ ಹಲಗೆಯ ಮೇಲೆ ಅಂಗೈಯಾಡಿಸಿ, ಮೇಲೆ ಬಂದು, ಎಲೆ ಅಡಿಕೆಯ ಜೊತೆ ಸಂಚಗಾರದ ನೋಟು ಮುಂದೆ ಹಿಡಿದರು. ನಮ್ಮ ಕಡೆ ಎಲೆ ಅಡಿಕೆಯ ಜೊತೆ ಮುಂಗಡ ಹಿಡಿದರೆ ವ್ಯಾಪಾರ ಮುಗಿಯಿತು ಎಂದೇ ಅರ್ಥ.

"ಇಂಜಿನ್ ನೋಡಿ ಕೊಡ್ರಿ, ಗಡಿಬಿಡಿ ಇಲ್ಲ," ಎಂದರು ಇವರು.

"ನೀವು ಇಷ್ಟು ಮಾಡಿದವ್ರು ಇಂಜಿನ್ ಬಿಡ್ತೀರೇನ್ರಿ?" ಎಂದರು ಅವರು. ಇವರು ಕೈ ನೀಡಲು ತಡಮಾಡಿದರು. ಅತ್ತೆ ಸೆರಗು ಒಡ್ಡಿ ಎಲೆ ಅಡಿಕೆ ತಾವೇ ತೆಗೆದುಕೊಂಡರು.

ಇಂಜಿನ್ನಿನ ಮೇಲೆ ಒಂದು ಗಾಲಿ ಇದೆ. ಅದಕ್ಕೆ ಮೊಣಕೈಯುದ್ದದ ಹಗ್ಗ ಸುತ್ತಿ ಜಗ್ಗಿದರೆ ಇಂಜಿನ್ ಚಾಲೂ ಆಗುತ್ತದೆ, ಹಗ್ಗ ಬಿಚ್ಚಿ ಕೈಗೆ ಬರುತ್ತದೆ. ಆ ಹಗ್ಗ ಮಾವನವರು ತಾವೇ ಹೊಸೆದದ್ದು. ಇವರು ಸುತ್ತಿ ಜಗ್ಗಿದರು. ಎರಡನೆಯ ಸಲಕ್ಕೇ ಇಂಜಿನ್ ಗುಡುಗಿತು. ದಂಡೆಯ ಕೊಕ್ಕರೆಗಳು ಎದ್ದವು.  ಇವರು ಹಗ್ಗವನ್ನು ದೋಣಿಯ ದಂಡೆ ಬದಿಯ ಅಂಚಿನ ಮೇಲೆ ಎಸೆದು, ಅಂಗಿ ಮತ್ತು ಮೊಬೈಲನ್ನು ನನ್ನ ಕೈಗೆ ಕೊಟ್ಟು, ಹಿರಿಯರನ್ನು ಕೂರಿಸಿಕೊಂಡು ಹೊರಟರು. ಹೊಳೆ ಸೀಳಿಕೊಂಡು ನಡುನೀರಿಗೆ ಹೋದರು. ನೋಡಲು ಚಂದ ಇತ್ತು, ಸುಳ್ಳು ಹೇಳಲಾರೆ.

ನಡುನೀರಿನಲ್ಲಿ ಇಂಜಿನ್ ಸದ್ದು ನಿಂತಿತು. ಹಿರಿಯರು ಬಂದ್ ಮಾಡಿ ಮತ್ತೊಮ್ಮೆ ಚಾಲೂ ಮಾಡಿ ತೋರಿಸಿರಿ ಅಂದರಂತೆ, ಆಮೇಲೆ ತಿಳಿಯಿತು. ಇವರು ಬಗ್ಗಿ ಏನೋ ಹುಡುಕುವುದು ಕಂಡಿತು. ಹಿರಿಯರೂ ಬಗ್ಗಿದರು. ದೋಣಿ ಮಾತ್ರ ಹರಿವಿನ ಜೊತೆ ಹೊರಟಿತ್ತು.

"ಏನ್ ಹುಡುಕಾಕತ್ತಾರ ಇವ್ರು?" ಎಂದೆ.

ಅತ್ತೆ ಸೆರಗು ಸರಿಪಡಿಸಿಕೊಂಡರು. ತಿರುಗಿ ನೋಡಿದರೆ ಅವರ ಸೆರಗಿನ ಕೆಳಗೆ ಹಗ್ಗದ ತುದಿ ಕಂಡಿತು.

"ಅತ್ತಿ, ಅದನ್ಯಾಕ ತಗೊಂಡ್ರಿ?"

"ಯಾಕಂದ್ರ? ಎಲಿ ಹಿಡದ್ವಿ, ವ್ಯಾಪಾರ ಮುಗೀತು. ಎತ್ತು ಮಾರಿದ್ರ ಎತ್ತು ಕೊಡ್ತೀವಿ, ಹಗ್ಗ ಕೊಡ್ತೀವೇನು? ಹಗ್ಗಾನೂ ಹೋದ್ರ ದನಾ ಕಟ್ಟೂ ಗ್ವಾದಲಿ ಬರಿದಾಗೇ ಉಳೀತೈತಿ. ಹಗ್ಗ ಇತ್ತಂದ್ರ ಮತ್ತೊಂದು ಜೀವ ಬರ್ತೈತಿ." ಅಷ್ಟು ಹೇಳಿ ಅವರು ಹೊಳೆಯ ಕಡೆ ನೋಡಿದರು. ನಾನೂ ನೋಡಿದೆ. ದೋಣಿ ತಿರುವಿನ ಹತ್ತಿರ ಹೋಗಿತ್ತು. ಅತ್ತೆ ಹಗ್ಗವನ್ನು ಸೆರಗಿನಿಂದ ಹೊರಗೆ ತೆಗೆದರು. "ಅದಿಲ್ಲದ ಇಂಜಿನ್ ಚಾಲೂ ಆಗಂಗಿಲ್ಲೇನ?" ಎಂದು ಸಣ್ಣ ಧ್ವನಿಯಲ್ಲಿ ಕೇಳಿದರು.

 ದೋಣಿ ಕಟ್ಟುವ ದೊಡ್ಡ ಹಗ್ಗ ನಮ್ಮ ಪಕ್ಕದ ಜಾಲಿಗಿಡದಲ್ಲಿ ಇತ್ತು. ಮೊಬೈಲು ನನ್ನ ಕೈಯಲ್ಲಿ ಇತ್ತು. ದೋಣಿ ತಿರುವು ದಾಟಿ ಮರೆಯಾಯಿತು. ಹಿರಿಯರ ಟ್ರಾಕ್ಟರ್ ಡ್ರೈವರ್ ದಂಡೆಗುಂಟ ಓಡಿದ. ನಾನು ಅಂಗಿ ಎದೆಗೆ ಅವಚಿಕೊಂಡು ನಿಂತೆ. ಇಟಗಿಯಲ್ಲಿ ಬಾಯಿಗೆ ಬಾರದ ಬೇಡಿಕೆ ಆಗ ತಾನಾಗಿ ಬಂತು. ದೋಣಿ ಬೇಡ, ಅಂಗಳ ಬೇಡ, ಮನುಷ್ಯ ಬರಲಿ. ಗೋಡೆಗೆ ಮುಖ ಮಾಡಿಯಾದರೂ ಮಲಗಲಿ, ಬರಲಿ. ಅತ್ತೆ ಹಗ್ಗವನ್ನು ಎರಡೂ ಕೈಯಲ್ಲಿ ಹಿಡಿದು ಮರಳಿನ ಮೇಲೆ ಕುಸಿದು ಕೂತಿದ್ದರು. ಅವರಿಗೆ ಬೈಯಬೇಕೆಂದು ತಿರುಗಿದವಳು ಪಕ್ಕದಲ್ಲಿ ಕೂತು ಅವರ ಕೈ ಹಿಡಿದುಕೊಂಡೆ.

ಎಷ್ಟು ಹೊತ್ತಾಯಿತೋ. ಮೊದಲು ಸದ್ದು ಬಂತು. ಆಮೇಲೆ ತಿರುವಿನಿಂದ ನೀಲಿ ಮೂತಿ. ಹೋದವರು ಇಬ್ಬರೂ ಇದ್ದರು. ಇವರು ಹಿಂದೆ ಇಂಜಿನ್ ಹಿಡಿದಿದ್ದರು. ಹಿರಿಯರು ಬೋಳು ತಲೆಯಲ್ಲಿ ಬಿಸಿಲಿಗೆ ಕೂತಿದ್ದರು. ಅವರ ಪಟಕ ಎಣ್ಣೆ ಮೆತ್ತಿಕೊಂಡು ಹುರಿಯಾಗಿ ದೋಣಿಯ ನಡುವೆ ಬಿದ್ದಿತ್ತು. ಪಟಕ ಬಿಚ್ಚಿ, ಉದ್ದಕ್ಕೆ ಹರಿದು, ಹುರಿ ಹೊಸೆದು, ತುದಿಗೆ ಗಂಟು ಹಾಕಿ, ಗಾಲಿಗೆ ಸುತ್ತಿ ಇಬ್ಬರೂ ಸೇರಿ ಜಗ್ಗಿದ್ದರಂತೆ.

ಇಳಿದದ್ದೇ ಇವರು ಮಾತಾಡತೊಡಗಿದರು. ದೋಣಿ ಹೇಗೆ ಹೋಯಿತು, ಆಚೆ ದಂಡೆಯ ಕಲ್ಲಿಗೆ ಹೇಗೆ ಬಡಿಯುವುದರಲ್ಲಿತ್ತು, ಮೊದಲ ಸಲ ಜಗ್ಗಿದಾಗ ಪಟಕ ಹೇಗೆ ಜಾರಿತು, ಹಿರಿಯರು ಯಾವ ಯಾವ ದೇವರನ್ನು ಕರೆದರು, ಎಲ್ಲ ಕೈಯಾಡಿಸಿ ಹೇಳಿದರು. ಹಿರಿಯರು ನಗುತ್ತ, "ಪಟಕದ ಲೆಕ್ಕ ಹಿಡೀಬ್ಯಾಡ್ರಿ, ನನ್ನ ದೋಣಿಗೆ ನಾ ಕೊಟ್ಟೀನಿ," ಅಂದರು. ಅಷ್ಟು ಮಾತು ಇವರ ಬಾಯಿಂದ ನಾನು ವರ್ಷಗಳಿಂದ ಕೇಳಿರಲಿಲ್ಲ. ಇದು ಯಾವ ಮನುಷ್ಯ ಎಂದು ಗಾಬರಿಯಾಗಿ ನೋಡುತ್ತಿದ್ದೆ.

ದೋಣಿಯನ್ನು ಟ್ರಾಲಿಗೆ ಏರಿಸಿ ಬಿಗಿಯುವಾಗ ಆ ಮಾತು ನಿಂತಿತು. ಇವರು ಸುತ್ತ ನಡೆದು ಪ್ರತಿ ಗಂಟು ಜಗ್ಗಿ ನೋಡಿದರು. ಮತ್ತೆ ಅದೇ ಸುಮ್ಮನಿರುವ ಮುಖ. ಅತ್ತೆ ಹಗ್ಗ ಹಿಡಿದು ಅಪರಾಧಿಯ ಹಾಗೆ ಬದಿಗೆ ನಿಂತಿದ್ದರು.

"ಅವ್ವಾ, ಹಗ್ಗ ಅವ್ರಿಗೆ ಕೊಟ್ಟುಬಿಡು. ನಮಗ್ಯಾಕ ಇನ್ನ," ಎಂದರು ಇವರು.

ಹಿರಿಯರೇ ಕೈ ಅಡ್ಡ ಹಿಡಿದರು. "ಬ್ಯಾಡ್ರಿ, ಅದು ಮಾರಿದವ್ರ ಮನಿಯಾಗ ಇರಬೇಕು. ನಾವೂ ಒಕ್ಕಲಗ್ಯಾರ, ಗೊತ್ತೈತಿ."

"ಇಟ್ಟು ಏನ್ ಮಾಡೂದೈತ್ರಿ? ಮುಗೀತಲ್ಲ," ಎಂದು ಇವರು ತಾಯಿಯ ಕೈಯಿಂದ ಹಗ್ಗ ತೆಗೆದುಕೊಂಡು ಅವರತ್ತ ಚಾಚಿದರು.

ಆ ಮುಗೀತಲ್ಲ ಎಂಬ ಮಾತಿಗೆ ನನಗೆ ಗೋಡೆಗೆ ತಿರುಗಿದ ಅವರ ಬೆನ್ನು ನೆನಪಾಯಿತು. ಎತ್ತು, ಗ್ವಾದಲಿ, ಇದನ್ನೆಲ್ಲ ಸಾಲೆಯಲ್ಲಿ ಮಕ್ಕಳಿಗೆ ಮೂಢನಂಬಿಕೆ ಎಂದು ಹೇಳಿಕೊಡುವವಳು ನಾನು. ಮುಂದೆ ಹೋಗಿ ಹಗ್ಗಕ್ಕೆ ಕೈ ಹಾಕಿದೆ.

"ಬ್ಯಾಡ್ರಿ. ಇದು ನಮ್ಮ ಮನಿಗೆ ಬರ್ತೈತಿ."

ಎಲ್ಲರೂ ನನ್ನ ಕಡೆ ನೋಡಿದರು. ಇವರು ಹಗ್ಗದ ಇನ್ನೊಂದು ತುದಿ ಬಿಡಲಿಲ್ಲ.

"ನೀ ಏನ್ ಮಾಡ್ತಿ ಇದನ್ನ?"

"ಗೊತ್ತಿಲ್ರಿ."

"ಸುತ್ತಾಕ ಏನರ ಬೇಕಲ್ಲ ಹಗ್ಗಕ್ಕ."

"ಬರ್ತೈತಿ ಬಿಡ್ರಿ."

"ಬಂದ್ರ ಎಲ್ಲಿ ಇಡೂದು? ಅಂಗಳ ಮಗಳಿಗೆ ಕೊಟ್ಟೀವಿ."

"ಮಾಳಗಿ ಐತಿ," ಅಂದೆ. ಏನು ಹೇಳುತ್ತಿದ್ದೇನೆಂದು ನನಗೇ ತಿಳಿದಿರಲಿಲ್ಲ. ಹಪ್ಪಳ, ಮೆಣಸಿನಕಾಯಿ ಒಣಹಾಕುವ ಮಾಳಿಗೆ ಅದು. ಇನ್ನೊಂದು ದೋಣಿಗೆ ನೀರು ಹೊರುವುದಾದರೆ ಏಣಿ ಹತ್ತಿ ನಾನೇ ಹೊರಬೇಕು.

ಟ್ರಾಕ್ಟರ್ ಚಾಲೂ ಆಯಿತು. ಹಿರಿಯರು ಎಲ್ಲರಿಗೂ ಕೈ ಮುಗಿದು ಹತ್ತಿ ಕೂತರು. ದೋಣಿ ದಂಡೆಯ ಏರು ಹತ್ತಿ ಹೊಸ ಊರಿನ ರಸ್ತೆ ಹಿಡಿಯಿತು. ಇವರು ಅತ್ತ ನೋಡುತ್ತಲೇ ಇಲ್ಲ ಎಂಬುದು ನನಗೆ ತಡವಾಗಿ ಗೊತ್ತಾಯಿತು. ಹಗ್ಗದ ತುದಿ ಹಿಡಿದು ನನ್ನನ್ನೇ ನೋಡುತ್ತಿದ್ದರು.

"ಮಾಳಗಿ ಮ್ಯಾಲ ಅದನ್ನ ಹತ್ತಿಸೂದು ಹ್ಯಾಂಗ?" ಎಂದು ಕೇಳಿದರು.

ಏನನ್ನು ಎಂದು ನಾನು ಕೇಳಲಿಲ್ಲ. ಅವರು ಆಗಲೇ ಯೋಚನೆಗೆ ಬಿದ್ದಿದ್ದರು.